ಕಡಿಮೆ ದುಡ್ಡಿನಲ್ಲಿ ಮದುವೆಗೆ ವಾಲಗ, ಹಾಡು, ಮೈಕು ಹೊಂದಿಸುವುದು ಹೇಗೆ?

ಮದುವೆ ಸೀಸನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಛತ್ರ, ಅಡುಗೆ, ಒಡವೆಗೇ ದುಡ್ಡೆಲ್ಲ ಹೋಯ್ತು. ಇನ್ನು ವಾಲಗಕ್ಕೆ ಏನು ಮಾಡೋದು? ಸುಮ್ನೆ ಪೆನ್‌ಡ್ರೈವ್ ಹಾಕಿಬಿಟ್ಟರೆ ಆಗಲ್ವಾ?" ಕೇಳುವವರು ಹೆಚ್ಚಾಗಿ ಹುಡುಗಿಯ ಅಣ್ಣ, ಇಲ್ಲವೇ ಚಿಕ್ಕಪ್ಪ. ಮದುವೆಗೆ ಮೂರೇ ವಾರ ಉಳಿದಿರುತ್ತದೆ.

ನನ್ನ ಉತ್ತರ ಪ್ರತಿ ಸಲವೂ ಇದೇ. ತಾಳಿ ಕಟ್ಟುವ ಹೊತ್ತಿಗೆ ಮನುಷ್ಯರೇ ಊದುವ ವಾಲಗ ಇರಲಿ. ಉಳಿದ ಎಲ್ಲ ಕಡೆ ಕೈ ಬಿಗಿ ಹಿಡಿಯಿರಿ. ಯಾಕೆಂದರೆ ಮುಹೂರ್ತದ ಹೊತ್ತು ಗಡಿಯಾರದ ಮುಳ್ಳಿನಂತೆ ನಡೆಯುವುದಿಲ್ಲ. ಹಾರದ ದಾರ ಸಿಕ್ಕಾಗುತ್ತದೆ. ಸೋದರಮಾವ ಎಲ್ಲೋ ಹೋಗಿರುತ್ತಾರೆ. ತಾಳಿಯ ತಟ್ಟೆ ಇನ್ನೂ ಹಿರಿಯರ ಕೈಯಿಂದ ಕೈಗೆ ಸುತ್ತುತ್ತಿರುತ್ತದೆ. ವಾಲಗದವರು ಅಷ್ಟೂ ಹೊತ್ತು ಪುರೋಹಿತರ ಕೈ ನೋಡುತ್ತಾ ಮೆಲ್ಲಗೆ ನುಡಿಸುತ್ತಾರೆ, ಕೈ ಮೇಲೆದ್ದ ಕ್ಷಣಕ್ಕೆ ಗಟ್ಟಿಮೇಳ ಹಿಡಿಯುತ್ತಾರೆ. ರೆಕಾರ್ಡಿಗೆ ಇದು ಬರುವುದಿಲ್ಲ.

ಇದನ್ನು ಬೆಂಗಳೂರು, ಮೈಸೂರು, ಮಂಡ್ಯ, ಹಾಸನ, ತುಮಕೂರು ಕಡೆಯ ಛತ್ರದ ಮದುವೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಅಂದರೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಬೇರೆ ಕಡೆಯವರಿಗೆ ಬೇಕಾದದ್ದನ್ನು ನಾಲ್ಕನೇ ಹಂತದಲ್ಲಿ ಸೇರಿಸಿದ್ದೇನೆ.

ಮೊದಲು ಗೊತ್ತಿರಬೇಕಾದ ಮಾತುಗಳು

ವಾಲಗ ಅಂದರೆ ಮಂಗಳವಾದ್ಯ. ಕೆಲವರು ಓಲಗ ಅನ್ನುತ್ತಾರೆ. ಅದರಲ್ಲಿ ನಾಗಸ್ವರ, ಡೋಲು, ಶ್ರುತಿ (ಹಿಂದೆ ಒಂದೇ ಸಮನೆ ಮೊಳಗುವ ಆಧಾರ ಸ್ವರ), ತಾಳ ಇರುತ್ತವೆ. ಡೋಲನ್ನೇ ಕೆಲವರು ತವಿಲು ಅನ್ನುತ್ತಾರೆ.

ಸೆಟ್ ಅಂದರೆ ಒಟ್ಟಿಗೆ ಬರುವ ತಂಡ. ದೊಡ್ಡ ಸೆಟ್‌ನಲ್ಲಿ ಎರಡು ನಾಗಸ್ವರ, ಎರಡು ಡೋಲು, ತಾಳದವರು, ಶ್ರುತಿ ಹಿಡಿಯುವವರು ಇರುತ್ತಾರೆ. ಚಿಕ್ಕ ಸೆಟ್ ಅಂದರೆ ಒಂದು ನಾಗಸ್ವರ, ಒಂದು ಡೋಲು. ಶ್ರುತಿಗೆ ಈಗ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಿರುವುದರಿಂದ ಅದಕ್ಕೊಬ್ಬರು ಬೇಕೇ ಬೇಕು ಅಂತಿಲ್ಲ.

ಗಟ್ಟಿಮೇಳ ಅಂದರೆ ತಾಳಿ ಕಟ್ಟುವಾಗ ಎಲ್ಲ ವಾದ್ಯಗಳನ್ನೂ ಒಟ್ಟಿಗೆ, ಜೋರಾಗಿ, ವೇಗವಾಗಿ ನುಡಿಸುವುದು. ಆ ಹೊತ್ತಿಗೆ ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದು ಅನ್ನುವುದು ಹಿಂದಿನಿಂದ ಬಂದ ನಂಬಿಕೆ.

ಹಂತ 1: ಸಂಗೀತ ಎಲ್ಲೆಲ್ಲಿ ಬೇಕು ಅಂತ ಬರೆದುಕೊಳ್ಳಿ

ಯಾರಿಗೂ ಫೋನ್ ಮಾಡುವ ಮೊದಲು ಪುರೋಹಿತರ ಜೊತೆ ಅರ್ಧ ಗಂಟೆ ಕೂತುಕೊಳ್ಳಿ. ನಿಮ್ಮ ಮನೆಯ ಶಾಸ್ತ್ರದಲ್ಲಿ ವಾಲಗ ಯಾವಾಗ ಬೇಕು, ಯಾವಾಗ ಸುಮ್ಮನಿರಬೇಕು ಅಂತ ಕೇಳಿ. ಗಂಗೆಪೂಜೆಗೆ ನೀರು ತರುವುದು, ಬೀಗರನ್ನು ಎದುರುಗೊಳ್ಳುವುದು, ವರಪೂಜೆ, ನಿಮ್ಮಲ್ಲಿ ಇದ್ದರೆ ಕಾಶಿಯಾತ್ರೆ, ಅಂತರಪಟ ಸರಿಸಿ ಜೀರಿಗೆ ಬೆಲ್ಲ ಹಾಕುವುದು, ಮಾಂಗಲ್ಯಧಾರಣೆ, ಧಾರೆ, ಸಪ್ತಪದಿ, ಆರತಿ. ಸಾಮಾನ್ಯವಾಗಿ ಇಷ್ಟು ಕಡೆ ಬೇಕಾಗುತ್ತದೆ. ಸಂಕಲ್ಪ, ಮಂತ್ರ ಹೇಳಿಸುವಾಗ ವಾಲಗ ನಿಂತಿರಬೇಕು.

ಹೀಗೆ ಪಟ್ಟಿ ಮಾಡಿದಾಗ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಎರಡು ದಿನ ಪೂರ್ತಿ ವಾಲಗ ಬೇಕು ಅಂತ ನೀವು ಅಂದುಕೊಂಡಿರುತ್ತೀರಿ. ನಿಜಕ್ಕೂ ಅನಿವಾರ್ಯವಾಗಿ ಬೇಕಾದದ್ದು ಮುಹೂರ್ತದ ದಿನ ಬೆಳಿಗ್ಗೆ ನಾಲ್ಕೈದು ಗಂಟೆ ಮಾತ್ರ. ವರಪೂಜೆ ಹಿಂದಿನ ಸಂಜೆ ಇದ್ದರೆ ಅದನ್ನು ಬೆಳಿಗ್ಗೆಗೆ ಹಾಕಿಕೊಳ್ಳಲು ಸಾಧ್ಯವಾ ಅಂತಲೂ ಪುರೋಹಿತರನ್ನು ಕೇಳಿ ನೋಡಿ. ಹಾಗಾದರೆ ಒಂದು ಇಡೀ ಸಂಜೆಯ ವಾಲಗದ ಖರ್ಚು ಉಳಿಯುತ್ತದೆ. ಉಳಿತಾಯ ಶುರುವಾಗುವುದು ಇಲ್ಲಿಂದ. ಚೌಕಾಸಿ ಆಮೇಲಿನ ಮಾತು.

ಹಂತ 2: ದುಡ್ಡನ್ನು ಮೊದಲೇ ಹಂಚಿ

ದರ ಊರಿಂದ ಊರಿಗೆ, ಮುಹೂರ್ತದಿಂದ ಮುಹೂರ್ತಕ್ಕೆ ಬದಲಾಗುತ್ತದೆ. ಹಾಗಾಗಿ ನಾನು ದರ ಹೇಳುವುದಿಲ್ಲ, ಹಂಚುವ ರೀತಿ ಹೇಳುತ್ತೇನೆ. ಸಂಗೀತಕ್ಕೆ ಅಂತ ಒಟ್ಟು ₹30,000 ಇಟ್ಟಿದ್ದೀರಿ ಅಂದುಕೊಳ್ಳಿ. ಅರ್ಧ, ಅಂದರೆ ₹15,000 ಮುಹೂರ್ತದ ವಾಲಗಕ್ಕೆ ತೆಗೆದಿಡಿ. ₹6,000 ಆರತಕ್ಷತೆಗೆ. ₹5,000 ಮೈಕು, ಸ್ಪೀಕರ್‌ಗೆ. ಉಳಿದ ₹4,000 ಯಾವುದಕ್ಕೂ ಒಪ್ಪಿಸದೆ ಕೈಯಲ್ಲೇ ಇರಲಿ. ವಾಲಗದವರ ಬಸ್‌ಚಾರ್ಜು, ತಾಂಬೂಲ, ತಟ್ಟೆಗೆ ಹಾಕುವ ದುಡ್ಡು, ಒಂದು ಗಂಟೆ ಜಾಸ್ತಿಯಾದರೆ ಕೊಡಬೇಕಾದದ್ದು, ಎಲ್ಲವೂ ಇದರಲ್ಲೇ ಬರುತ್ತವೆ. ನಿಮ್ಮ ಹತ್ತಿರ ಇರುವುದು ₹12,000 ಆದರೂ ಇದೇ ಪ್ರಮಾಣದಲ್ಲಿ ಹಂಚಿ. ವಾಲಗದ ಪಾಲು ಮಾತ್ರ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ.

ಎಲ್ಲರೂ ಎಡವುವುದು ಆರತಕ್ಷತೆಯ ಹತ್ತಿರ. ಆರ್ಕೆಸ್ಟ್ರಾದವರು ಸಿಕ್ಕಿದರು ಅಂತ ಮೊದಲು ಅವರಿಗೆ ಅಡ್ವಾನ್ಸ್ ಕೊಟ್ಟು, ಆಮೇಲೆ ಉಳಿದ ಚಿಲ್ಲರೆಯಲ್ಲಿ ವಾಲಗ ಹುಡುಕಲು ಹೊರಡುತ್ತಾರೆ. ದಯವಿಟ್ಟು ಮೊದಲು ವಾಲಗ ಗೊತ್ತು ಮಾಡಿ.

ಹಂತ 3: ಛತ್ರದ ಕರಾರು ಓದಿ

ಛತ್ರ ಬುಕ್ ಮಾಡಿದಾಗ ಕೊಟ್ಟ ರಸೀದಿಯ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಷರತ್ತುಗಳಿರುತ್ತವೆ. ಕೆಲವು ಛತ್ರಗಳಲ್ಲಿ ವಾಲಗ ಬಾಡಿಗೆಯ ಜೊತೆಗೇ ಬರುತ್ತದೆ. ಕೆಲವು ಕಡೆ ಅವರು ಹೇಳಿದವರನ್ನೇ ಕರೆಸಬೇಕು. ಹೊರಗಿನ ಸೌಂಡ್ ಸಿಸ್ಟಮ್ ತಂದರೆ ಕರೆಂಟಿಗೆ ಬೇರೆ ದುಡ್ಡು ಕೇಳುವ ಛತ್ರಗಳೂ ಉಂಟು. ಮ್ಯಾನೇಜರ್‌ಗೆ ಈ ನಾಲ್ಕು ಪ್ರಶ್ನೆ ಕೇಳಿ: ನಮ್ಮದೇ ವಾಲಗ ತರಬಹುದಾ? ಛತ್ರದ ಮೈಕು, ಸ್ಪೀಕರ್ ಬಾಡಿಗೆಯಲ್ಲೇ ಸೇರಿದೆಯಾ? ಕರೆಂಟ್ ಹೋದರೆ ಜನರೇಟರ್‌ನಿಂದ ವೇದಿಕೆಯ ಪ್ಲಗ್‌ಗೂ ಬರುತ್ತದಾ, ಬರೀ ಲೈಟಿಗಾ? ರಾತ್ರಿ ಎಷ್ಟು ಗಂಟೆಗೆ ಸ್ಪೀಕರ್ ನಿಲ್ಲಿಸಬೇಕು?

ಛತ್ರದ ಸ್ಪೀಕರ್ ಸಾಧಾರಣ ಮಟ್ಟದ್ದಾದರೂ ಪರವಾಗಿಲ್ಲ, ಅದನ್ನೇ ಬಳಸಿ. ಒಂದು ಮುಖ್ಯ ಮಾತು: ನಾಗಸ್ವರ ಬಯಲಲ್ಲಿ, ದೇವಸ್ಥಾನದ ಬೀದಿಯಲ್ಲಿ ಊದಲೆಂದೇ ಹುಟ್ಟಿದ ವಾದ್ಯ. ಮುನ್ನೂರು ಜನ ಕೂರುವ ಛತ್ರದಲ್ಲಿ ಅದಕ್ಕೆ ಮೈಕು ಬೇಡ. ಡೋಲಿಗಂತೂ ಬೇಡವೇ ಬೇಡ. "ವಾಲಗಕ್ಕೆ ಎರಡು ಮೈಕ್ ಹಾಕಿಸಿ ಸಾರ್" ಅಂತ ಸೌಂಡಿನವರು ಹೇಳಿದರೆ ಬೇಡ ಅನ್ನಿ. ದುಡ್ಡೂ ಉಳಿಯುತ್ತದೆ, ಮುಂದಿನ ಸಾಲಿನ ಅಜ್ಜ ಅಜ್ಜಿಯರ ಕಿವಿಯೂ ಉಳಿಯುತ್ತದೆ.

ಹಂತ 4: ವಾಲಗದವರನ್ನು ಹುಡುಕಿ, ಕೇಳಿ, ವೀಳ್ಯ ಕೊಡಿ

ಮೊದಲು ದೇವಸ್ಥಾನಕ್ಕೆ ಹೋಗಿ. ನಿಮ್ಮೂರಿನ ಅಥವಾ ಪಕ್ಕದ ಊರಿನ ದೊಡ್ಡ ದೇವಸ್ಥಾನದಲ್ಲಿ ಪೂಜೆಗೆ, ಉತ್ಸವಕ್ಕೆ ನುಡಿಸುವವರಿರುತ್ತಾರೆ. ಅವರಿಗೆ ದಿನದಿನವೂ ಅಭ್ಯಾಸ ಇರುತ್ತದೆ. ಯಾವ ಶಾಸ್ತ್ರಕ್ಕೆ ಏನು ನುಡಿಸಬೇಕು ಅಂತ ನೀವು ಹೇಳಿಕೊಡಬೇಕಾಗಿಲ್ಲ. ಮಧ್ಯದಲ್ಲಿ ಯಾರೂ ಇಲ್ಲದ್ದರಿಂದ ಕೊಟ್ಟ ದುಡ್ಡು ಪೂರ್ತಿ ನುಡಿಸುವವರಿಗೇ ಸೇರುತ್ತದೆ. ಛತ್ರದವರೋ ಡೆಕೊರೇಷನ್‌ನವರೋ ಕೊಡಿಸುವ ವಾಲಗದಲ್ಲಿ ಅವರ ಪಾಲೂ ಸೇರಿರಬಹುದು, ಕೇಳಿ ತಿಳಿದುಕೊಳ್ಳಿ.

ಎರಡನೇ ದಾರಿ ಪುರೋಹಿತರು. ಯಾವ ಸೆಟ್‌ನವರು ಹೊತ್ತಿಗೆ ಸರಿಯಾಗಿ ಬರುತ್ತಾರೆ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೂರನೆಯದು, ಇತ್ತೀಚೆಗೆ ನೀವು ಹೋದ ಮದುವೆ. ವಾಲಗ ಇಷ್ಟವಾಗಿದ್ದರೆ ಆ ಮನೆಯವರಿಗೆ ಫೋನ್ ಮಾಡಿ. ನಂಬರ್ ಕೊಡಲು ಯಾರೂ ಬೇಸರ ಮಾಡುವುದಿಲ್ಲ.

ಗೊತ್ತು ಮಾಡುವ ಮೊದಲು ಒಮ್ಮೆ ಎದುರಿಗೆ ಕೇಳಿ. ಸಂಜೆ ಪೂಜೆಯ ಹೊತ್ತಿಗೆ ದೇವಸ್ಥಾನದಲ್ಲಿ ಹತ್ತು ನಿಮಿಷ ನಿಂತರೆ ಸಾಕು. ನುಡಿಸುವವರನ್ನು ಹತ್ತಿರದಿಂದ ಗಮನಿಸಿ. ನಾಗಸ್ವರದವರು ಬಾಯಿಗೆ ಸಿಕ್ಕಿಸುವ ಜೊಂಡಿನ ತುಂಡನ್ನು ತುಟಿಯಲ್ಲಿ ಒದ್ದೆ ಮಾಡಿ, ಒಂದೆರಡು ಸಲ ಊದಿ ನೋಡಿ, ಸರಿಯಿಲ್ಲ ಅನ್ನಿಸಿದರೆ ವಾದ್ಯಕ್ಕೆ ಕಟ್ಟಿಕೊಂಡಿರುವ ಗೊಂಚಲಿನಿಂದ ಬೇರೊಂದು ತೆಗೆದು ಹಾಕಿಕೊಳ್ಳುತ್ತಾರೆ. ಡೋಲಿನವರ ಎಡಗೈಯಲ್ಲಿ ದಪ್ಪ ಕೋಲು, ಬಲಗೈ ಬೆರಳುಗಳಿಗೆ ಬಟ್ಟೆ ಸುತ್ತಿ ಅಂಟು ಹಾಕಿ ಕಲ್ಲಿನಂತೆ ಮಾಡಿದ ಗವಸು. ಇಷ್ಟು ಜತನ ಮಾಡುವವರು ಮದುವೆಯ ದಿನವೂ ಹಾಗೇ ನುಡಿಸುತ್ತಾರೆ. ವಿಡಿಯೋ ಕಳಿಸುತ್ತೇವೆ ಅಂದರೆ ನೋಡಿ, ಆದರೆ "ಇವರೇ ಬರುತ್ತಾರಾ?" ಅಂತ ಕೇಳಲು ಮರೆಯಬೇಡಿ. ಜಾಸ್ತಿ ಮುಹೂರ್ತವಿರುವ ದಿನ ಒಂದೇ ತಂಡದವರು ಮೂರು ಮದುವೆ ಒಪ್ಪಿಕೊಂಡು ಬೇರೆ ಬೇರೆ ಜನರನ್ನು ಕಳಿಸುವುದುಂಟು.

ಎಷ್ಟು ಜನ ಬೇಕು? ದುಡ್ಡು ಕಡಿಮೆ ಇದ್ದರೆ ಒಂದು ನಾಗಸ್ವರ, ಒಂದು ಡೋಲು ಸಾಕು. ಆದರೆ ಒಬ್ಬರೇ ನಾಗಸ್ವರದವರು ನಾಲ್ಕೈದು ಗಂಟೆ ಊದಬೇಕು ಅಂದರೆ ಉಸಿರು ಸೋಲುತ್ತದೆ. ಸ್ವಲ್ಪ ಜಾಸ್ತಿ ಕೊಡಲು ಆದರೆ ಎರಡನೇ ಡೋಲಿನ ಬದಲು ಎರಡನೇ ನಾಗಸ್ವರ ಕೇಳಿ. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದುಕೊಳ್ಳುತ್ತಾರೆ, ನಾದ ಎಲ್ಲೂ ತುಂಡಾಗುವುದಿಲ್ಲ.

ದಿನದ ವಿಷಯ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ನಮ್ಮ ಕಡೆ ಮದುವೆ ಇಡುವುದಿಲ್ಲ. ಹಾಗಾಗಿ ಅದರ ಆಚೀಚೆ ಬರುವ ಒಳ್ಳೆಯ ಮುಹೂರ್ತಗಳಿಗೆ ಎಲ್ಲರೂ ಮುಗಿಬೀಳುತ್ತಾರೆ. ಭಾನುವಾರದ ಮುಹೂರ್ತಕ್ಕಿಂತ ಬುಧವಾರ, ಗುರುವಾರದ ಮುಹೂರ್ತಕ್ಕೆ ವಾಲಗದವರು ಸುಲಭವಾಗಿ ಸಿಗುತ್ತಾರೆ, ದರವೂ ಮಾತಾಡಲು ಬರುತ್ತದೆ. ದಿನ ಇನ್ನೂ ಗೊತ್ತಾಗಿಲ್ಲದಿದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ದಿನ ನಿಶ್ಚಯವಾದ ವಾರದಲ್ಲೇ ವೀಳ್ಯ ಕೊಟ್ಟುಬಿಡಿ. ಎಲೆ ಅಡಿಕೆಯ ಜೊತೆ ಮುಂಗಡ ದುಡ್ಡಿಟ್ಟು ಕೊಟ್ಟರೆ ಹಳೆಯ ತಲೆಮಾರಿನ ಕಲಾವಿದರಿಗೆ ಅದೇ ಕರಾರು.

ಬೇರೆ ಕಡೆಯವರಿಗೆ: ಉತ್ತರ ಕರ್ನಾಟಕದಲ್ಲಿ ಸನಾದಿ (ಶಹನಾಯಿಯಂಥ ಊದುವ ವಾದ್ಯ), ಸಂಬಾಳ (ಕೋಲಿನಿಂದ ಬಾರಿಸುವ ಜೋಡಿ ಚರ್ಮವಾದ್ಯ) ನುಡಿಸುವವರು ಸಿಕ್ಕರೆ ಅವರನ್ನೇ ಹಿಡಿಯಿರಿ. ಬ್ಯಾಂಡ್ ಸೆಟ್‌ಗಿಂತ ಜನ ಕಡಿಮೆ ಬೇಕು, ಅಕ್ಷತೆಯ ಹೊತ್ತಿಗೆ ಹೊಂದುವ ನಾದವೂ ಅದೇ. ದಕ್ಷಿಣ ಕನ್ನಡ, ಉಡುಪಿ ಕಡೆ ಸ್ಯಾಕ್ಸೋಫೋನ್ ಈಗ ಮದುವೆಯ ವಾದ್ಯವೇ ಆಗಿದೆ. ಮೈಸೂರು ಅರಮನೆಯ ಬ್ಯಾಂಡ್‌ನಲ್ಲಿ ಆ ವಾದ್ಯ ಕೇಳಿ ಮನಸೋತ ಕದ್ರಿ ಗೋಪಾಲನಾಥ್ (1949–2019) ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ ತೋರಿಸಿದರು. ಅವರ ದಾರಿಯಲ್ಲಿ ಕರಾವಳಿಯಲ್ಲಿ ಎಷ್ಟೋ ಜನ ಕಲಿತರು. ಅಲ್ಲಿ ಒಂದು ಸ್ಯಾಕ್ಸೋಫೋನ್, ಒಂದು ಡೋಲಿನ ಜೋಡಿ ಕೇಳಿ. ಚೆಂಡೆ, ನಾಸಿಕ್ ಡೋಲಿನ ದೊಡ್ಡ ತಂಡಗಳಿಗೆ ಹತ್ತು ಹದಿನೈದು ಜನರ ಕೂಲಿ, ಗಾಡಿ, ಊಟ ಎಲ್ಲ ಬರುತ್ತದೆ. ಇರುವುದು ಹದಿನೈದು ನಿಮಿಷದ ಸಂಭ್ರಮ. ಕೈಯಲ್ಲಿ ದುಡ್ಡಿಲ್ಲದಾಗ ಅದಕ್ಕೆ ಕೈ ಹಾಕಬೇಡಿ.

ಮಂತ್ರ ಮಾಂಗಲ್ಯದ ಥರ ಸರಳ ಮದುವೆ ಮಾಡುವವರಿಗೆ ವಾಲಗದ ಕಟ್ಟಳೆ ಇಲ್ಲ. ಒಬ್ಬ ಗಾಯಕಿ, ಒಂದು ತಂಬೂರಿ, ನಾಲ್ಕು ಭಾವಗೀತೆ ಇದ್ದರೂ ಮನಸ್ಸು ತುಂಬುತ್ತದೆ.

ಹಂತ 5: ಮಾತನ್ನು ಬರಹದಲ್ಲಿಡಿ

ನಮ್ಮ ಮನೆಯ ಒಂದು ಮದುವೆಯಲ್ಲಿ ವಾಲಗದವರು ಬಂದಾಗ ಧಾರೆ ಮುಗಿದಿತ್ತು. ಒಂದೇ ಹೆಸರಿನ ಎರಡು ಛತ್ರ ಇದ್ದವು, ಅವರು ಇನ್ನೊಂದಕ್ಕೆ ಹೋಗಿ ಕಾದಿದ್ದರು. ತಪ್ಪು ನಮ್ಮದೇ, ಫೋನಿನಲ್ಲಿ ಬರೀ ಛತ್ರದ ಹೆಸರು ಹೇಳಿದ್ದೆವು. ಅವತ್ತಿನಿಂದ ನಾನು ಯಾರಿಗೇ ಆದರೂ ವಾಟ್ಸಾಪ್‌ನಲ್ಲಿ ಹೀಗೆ ಬರೆದು ಕಳಿಸಿ ಅನ್ನುತ್ತೇನೆ:

"ನಮಸ್ಕಾರ ಅಣ್ಣಾ. (ತಾರೀಖು, ವಾರ) ಬೆಳಿಗ್ಗೆ 6 ಗಂಟೆಗೆ ಛತ್ರದಲ್ಲಿರಬೇಕು. ಮುಹೂರ್ತ 9.10ರಿಂದ 10. ಆರತಿ ಮುಗಿಯುವವರೆಗೆ, ಸುಮಾರು 11 ಗಂಟೆ ತನಕ. ನಾಗಸ್ವರ 2, ಡೋಲು 1, ಶ್ರುತಿ ಪೆಟ್ಟಿಗೆ ನಿಮ್ಮದೇ. ಒಟ್ಟು ಇಷ್ಟು ರೂಪಾಯಿ, ಬಸ್‌ಚಾರ್ಜು ಸೇರಿ. ಮುಂಗಡ ಇಷ್ಟು ಕೊಟ್ಟಿದ್ದೇವೆ. ಉಳಿದದ್ದು ಅವತ್ತೇ 11 ಗಂಟೆಗೆ. 11ರ ನಂತರ ಗಂಟೆಗೆ ಇಷ್ಟು. ತಿಂಡಿ, ಊಟ ನಮ್ಮದು. ಛತ್ರದ ಲೊಕೇಶನ್ ಕಳಿಸಿದ್ದೇವೆ. ಅಲ್ಲಿ ನಮ್ಮ ಚಿಕ್ಕಪ್ಪನವರನ್ನು ಕೇಳಿ, ಅವರ ನಂಬರ್ ಇದು. ಸರಿಯಿದ್ದರೆ ಸರಿ ಅಂತ ಕಳಿಸಿ."

ಅವರು ವಾಟ್ಸಾಪ್ ನೋಡುವವರಲ್ಲದಿದ್ದರೆ ಇದನ್ನೇ ಲಗ್ನಪತ್ರಿಕೆಯ ಹಿಂದೆ ಬರೆದು ಕೈಗೆ ಕೊಡಿ. ಮದುವೆಗೆ ಎರಡು ದಿನ ಮುಂಚೆ ಒಮ್ಮೆ ಫೋನ್ ಮಾಡಿ.

ಚೌಕಾಸಿ ಮಾಡುವಾಗ ಒಂದು ಮಾತು ನೆನಪಿಡಿ. ಗಂಟೆ ಕಡಿಮೆ ಮಾಡಿ, ಜನ ಕಡಿಮೆ ಮಾಡಿ, ದಿನ ಬದಲಾಯಿಸಿ. ಒಬ್ಬ ಕಲಾವಿದರಿಗೆ ಸಲ್ಲಬೇಕಾದದ್ದನ್ನು ಮಾತ್ರ ಕತ್ತರಿಸಬೇಡಿ. ಅವರಿಗೆ ವರ್ಷದಲ್ಲಿ ಮುಹೂರ್ತ ಇರುವ ತಿಂಗಳಲ್ಲೇ ದುಡಿಮೆ. ಬೆಳಗಿನ ಜಾವ ಮೂರಕ್ಕೆ ಎದ್ದು, ಡೋಲು ಹೊತ್ತು, ಬಸ್ ಹತ್ತಿ ಬರುತ್ತಾರೆ.

ಹಂತ 6: ಆರತಕ್ಷತೆಗೆ ದೊಡ್ಡ ಆರ್ಕೆಸ್ಟ್ರಾ ಬೇಡ

ಆರತಕ್ಷತೆಯಲ್ಲಿ ಜನ ಏನು ಮಾಡುತ್ತಾರೆ? ಸಾಲಿನಲ್ಲಿ ನಿಲ್ಲುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ವರ್ಷಗಟ್ಟಲೆ ಸಿಗದ ನೆಂಟರ ಜೊತೆ ಮಾತಾಡುತ್ತಾರೆ, ಊಟಕ್ಕೆ ಹೋಗುತ್ತಾರೆ. ಅವರಿಗೆ ಬೇಕಾದದ್ದು ಮಾತಿಗೆ ಅಡ್ಡ ಬರದ ಹಿತವಾದ ಹಿನ್ನೆಲೆ.

ಕೊಳಲು, ತಬಲಾ ಅಥವಾ ಪಿಟೀಲು, ಮೃದಂಗದ ಇಬ್ಬರ ಜೋಡಿ ಇದಕ್ಕೆ ತುಂಬಾ ಚೆನ್ನಾಗಿ ಹೊಂದುತ್ತದೆ. ಸಂಗೀತ ಕಲಿಯುತ್ತಿರುವ ಮಕ್ಕಳನ್ನು ಕೇಳಿ. ಸಂಗೀತದ ಸೀನಿಯರ್ ಪರೀಕ್ಷೆ ಪಾಸಾಗಿ ಮುಂದಿನ ವಿದ್ವತ್ ಪರೀಕ್ಷೆಗೆ ಓದುತ್ತಿರುವವರು ಎರಡು ಗಂಟೆ ಆರಾಮಾಗಿ ನುಡಿಸಬಲ್ಲರು. ನಿಮ್ಮ ಬಡಾವಣೆಯ ಸಂಗೀತದ ಮೇಷ್ಟ್ರನ್ನೋ ಟೀಚರನ್ನೋ ಕೇಳಿದರೆ ಅವರೇ ಹೇಳುತ್ತಾರೆ. ಮೈಸೂರಿನವರಿಗೆ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಗದಗ, ಹುಬ್ಬಳ್ಳಿ, ಧಾರವಾಡದ ಕಡೆ ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತ ಒಳ್ಳೊಳ್ಳೆಯ ಗಾಯಕರು, ವಾದಕರು ಸಿಗುತ್ತಾರೆ. ವಿದ್ಯಾರ್ಥಿಗಳು ಅಂತ ಪುಕ್ಕಟೆ ಕೇಳಬೇಡಿ. ಓಡಾಟದ ಖರ್ಚು, ಗೌರವಧನ, ಊಟ ಮೂರೂ ಮೊದಲೇ ಹೇಳಿ.

ಹಾಡೇ ಬೇಕು ಅಂದರೆ ಇಬ್ಬರು ಗಾಯಕರು, ಕರೋಕೆ ಟ್ರ್ಯಾಕ್. ಕರೋಕೆ ಅಂದರೆ ಹಾಡುವವರ ದನಿ ತೆಗೆದ, ಬರೀ ವಾದ್ಯವಿರುವ ರೆಕಾರ್ಡು. ಏಳೆಂಟು ಜನರ ಆರ್ಕೆಸ್ಟ್ರಾಗಿಂತ ಎಷ್ಟೋ ಕಡಿಮೆಗೆ ಮುಗಿಯುತ್ತದೆ. ಟ್ರ್ಯಾಕ್‌ಗಳು ಅವರದೇ ಲ್ಯಾಪ್‌ಟಾಪಿನಲ್ಲಿ ಇವೆಯಾ ಅಂತ ಕೇಳಿಕೊಳ್ಳಿ.

ಅದೂ ಆಗದಿದ್ದರೆ ಫೋನಿನ ಹಾಡುಗಳೇ ಸಾಕು, ಅದರಲ್ಲಿ ಯಾವ ಕೊರತೆಯೂ ಇಲ್ಲ. ಎರಡೂವರೆ ಗಂಟೆಗೆ ನಾಲ್ಕು ನಿಮಿಷದ ಹಾಡುಗಳು ಸುಮಾರು 38 ಬೇಕು. ಕೊಳಲು, ವೀಣೆ, ಶಹನಾಯಿ, ಭಾವಗೀತೆ, ಹಳೆಯ ಚಿತ್ರಗೀತೆ, ಎರಡೂ ಕಡೆಯ ಹಿರಿಯರಿಗೆ ಇಷ್ಟವಾದ ಐದೈದು ಹಾಡು. ವಿರಹದ ಹಾಡು ರಾಗ ಚೆನ್ನಾಗಿದೆ ಅಂತ ನುಸುಳಿಬಿಡುತ್ತದೆ, ಒಮ್ಮೆ ಪೂರ್ತಿ ಸಾಹಿತ್ಯ ಕೇಳಿ ಸೇರಿಸಿ.

ಹಂತ 7: ದುಡ್ಡಿಲ್ಲದೆ ಸಿಗುವ ಸಂಗೀತ, ಸೋಬಾನೆ

ಇದನ್ನು ಹೇಳಲೆಂದೇ ನಾನು ಇಷ್ಟು ಬರೆದೆ ಅಂದರೂ ತಪ್ಪಿಲ್ಲ. ನಮ್ಮ ಮದುವೆಗಳಲ್ಲಿ ಅರಿಶಿಣ ಹಚ್ಚುವುದಕ್ಕೆ, ಬಳೆ ತೊಡಿಸುವುದಕ್ಕೆ, ಹಸೆಗೆ ಕರೆಯುವುದಕ್ಕೆ, ಆರತಿ ಎತ್ತುವುದಕ್ಕೆ, ಬೀಗರನ್ನು ಕೆಣಕುವುದಕ್ಕೆ, ಹೆಣ್ಣು ಒಪ್ಪಿಸುವುದಕ್ಕೆ, ಒಂದೊಂದಕ್ಕೂ ಹಾಡು ಇತ್ತು. ಸೋಬಾನೆ ಪದ, ಹಸೆ ಹಾಡು, ಬೀಗರ ಹಾಡು ಅಂತ ಕಡೆಗೊಂದು ಹೆಸರು. ಮಾಧ್ವರ ಮನೆಗಳಲ್ಲಿ ವಾದಿರಾಜರ ಲಕ್ಷ್ಮೀ ಶೋಭಾನೆಯನ್ನು ಇವತ್ತಿಗೂ ಹಾಡುತ್ತಾರೆ. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಬಾಯಿಂದ ಬಾಯಿಗೆ ಬಂದ ಜನಪದ ಹಾಡುಗಳನ್ನು ಉಳಿಸಿಕೊಂಡಿದ್ದಕ್ಕೆ. ನಿಮ್ಮ ಮನೆಯಲ್ಲೂ ಇಂಥ ಹಾಡು ಗೊತ್ತಿರುವ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಯಾರೂ ಕೇಳಿರುವುದಿಲ್ಲ ಅಷ್ಟೇ.

ಮದುವೆಗೆ ಒಂದು ತಿಂಗಳು ಇರುವಾಗ ಅಜ್ಜಿಯ ಹತ್ತಿರ ಹೋಗಿ. ಮಧ್ಯಾಹ್ನ ಊಟವಾದ ಮೇಲಿನ ಹೊತ್ತು ಒಳ್ಳೆಯದು. "ಅಜ್ಜಿ, ಮೂರನೇ ನುಡಿ ಏನು?" ಅಂತ ಕೇಳಿದರೆ ಬರುವುದಿಲ್ಲ. ಮೊದಲಿಂದ ಹಾಡಲು ಬಿಡಿ. ಕೈಯಲ್ಲಿ ಹೂವು ಕಟ್ಟುವುದೋ ಸೊಪ್ಪು ಬಿಡಿಸುವುದೋ ಏನಾದರೂ ಕೆಲಸ ಇದ್ದರೆ ಹಾಡು ತಾನಾಗಿ ಬರುತ್ತದೆ. ಬೆರಳು ಓಡಿದ ಹಾಗೆ ನುಡಿ ಓಡುತ್ತದೆ. ಮಧ್ಯೆ ನಿಂತರೆ ನೆನಪಿಸಲು ಹೋಗಬೇಡಿ, ಮತ್ತೆ ಮೊದಲಿಂದ ಹಿಡಿಯುತ್ತಾರೆ, ಆ ಸಲ ಮುಂದಕ್ಕೆ ಹೋಗುತ್ತದೆ. ಫೋನನ್ನು ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿಕೊಳ್ಳಿ.

ಆಮೇಲೆ ಐದಾರು ಹೆಣ್ಣುಮಕ್ಕಳು ಸೇರಿ. ಚಿಕ್ಕಮ್ಮ, ಅತ್ತಿಗೆ, ಪಕ್ಕದ ಮನೆಯವರು ಯಾರಾದರೂ ಸರಿ. ಆರು ಹಾಡು ಆರಿಸಿಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ, ಚಾಳೀಸು ಮನೆಯಲ್ಲಿ ಮರೆತು ಬಂದವರೂ ಓದುವಂತಿರಲಿ. ಸೋಬಾನೆಯ ಒಳ್ಳೆಯ ಗುಣ ಅಂದರೆ ಒಬ್ಬರು ನುಡಿ ಹೇಳಿದರೆ ಸಾಕು, ಉಳಿದವರು ಪ್ರತಿ ನುಡಿಯ ಕೊನೆಗೆ ಬರುವ ಸೊಲ್ಲು ಹಿಡಿದರಾಯಿತು. ಅಂದರೆ ಒಬ್ಬರಿಗೆ ಪೂರ್ತಿ ಬಂದರೆ ಹಾಡು ನಿಲ್ಲುವುದಿಲ್ಲ. ಶ್ರುತಿ ತುಂಬಾ ಮೇಲೆ ಹಿಡಿಯಬೇಡಿ. ಮನೆಯಲ್ಲಿ ಕೂತು ಹಾಡುವಾಗ ಸರಿಯಿದ್ದದ್ದು ಮದುವೆಯ ಗಡಿಬಿಡಿಯಲ್ಲಿ ಇನ್ನೂ ಮೇಲೆ ಹೋಗಿ ಗಂಟಲು ಕಟ್ಟುತ್ತದೆ. ಫೋನಿಗೆ ಶ್ರುತಿ ಪೆಟ್ಟಿಗೆಯ ಆ್ಯಪ್ ಸಿಗುತ್ತದೆ, ಎರಡು ಸಂಜೆ ಅದನ್ನಿಟ್ಟುಕೊಂಡು ಅಭ್ಯಾಸ ಮಾಡಿ.

ಎಚ್ಚರ ಒಂದೇ. ಬೀಗರನ್ನು ಕೆಣಕುವ ಹಾಡುಗಳಲ್ಲಿ ಬಣ್ಣ, ಬಡತನ, ಮೈಕಟ್ಟಿನ ಬಗ್ಗೆ ಇರುವ ಸಾಲುಗಳನ್ನು ಬಿಟ್ಟುಬಿಡಿ. ಬೀಗರ ಊಟದ ಹಸಿವು, ಬಂದ ಬಸ್ಸು ತಡವಾದದ್ದು, ಇಂಥವನ್ನು ಹೊಸದಾಗಿ ಕಟ್ಟಿ ಹಾಡಿದರೆ ಎರಡೂ ಕಡೆಯವರು ನಗುತ್ತಾರೆ. ಅವರ ಕಡೆಯವರಿಗೂ ತಿರುಗಿ ಹಾಡಲು ಮೈಕ್ ಕೊಡಿ.

ಹಂತ 8: ಫೋನು, ಮೈಕಿನ ತಯಾರಿ

ರೆಕಾರ್ಡ್ ಹಾಕಲು ಮನೆಯಲ್ಲಿರುವ ಹಳೆಯ ಫೋನ್ ತೆಗೆದಿಡಿ. ಸಿಮ್ ತೆಗೆಯಿರಿ, ಇಲ್ಲದಿದ್ದರೆ ಫ್ಲೈಟ್ ಮೋಡ್‌ಗೆ ಹಾಕಿ. ಹಾಡುಗಳನ್ನೆಲ್ಲ ಮೊದಲೇ ಡೌನ್‌ಲೋಡ್ ಮಾಡಿಡಿ. ಇಂಟರ್ನೆಟ್‌ನಿಂದ ನೇರವಾಗಿ ಹಾಕಿದರೆ ಆರತಿಯ ಮಧ್ಯೆ ಜಾಹೀರಾತು ಬರುತ್ತದೆ. ಬ್ಲೂಟೂತ್ ನಂಬಬೇಡಿ, ತಂತಿಯಲ್ಲೇ ಜೋಡಿಸಿ. ಈಗಿನ ಎಷ್ಟೋ ಫೋನ್‌ಗಳಿಗೆ ಇಯರ್‌ಫೋನಿನ ತೂತು ಇರುವುದಿಲ್ಲ, ಅದಕ್ಕೆ ಬೇಕಾದ ಅಡಾಪ್ಟರ್ ಹಿಂದಿನ ದಿನವೇ ಹಾಕಿ ನೋಡಿ. ಅವೇ ಹಾಡುಗಳು ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ.

ಮೈಕು ಎರಡು ಸಾಕು. ಒಂದು ಪುರೋಹಿತರಿಗೆ, ಒಂದು ಸೋಬಾನೆಯವರಿಗೆ. ಮೈಕು ಸ್ಪೀಕರ್‌ನ ಮುಂದೆ ಬಂದರೆ ಕುಂಯ್ ಅಂತ ಕಿರುಚುತ್ತದೆ. ಹಾಗಾಗಿ ಸ್ಪೀಕರ್ ಯಾವಾಗಲೂ ಹಾಡುವವರಿಗಿಂತ ಮುಂದೆ, ಜನರ ಕಡೆ ಮುಖ ಮಾಡಿರಲಿ. ಹಿರಿಯರ ಕುರ್ಚಿ ಸ್ಪೀಕರ್ ಪಕ್ಕ ಬೇಡ.

ಹಂತ 9: ಲೈಸೆನ್ಸು, ಪೊಲೀಸು

"ಹಾಡು ಹಾಕಲು ಮ್ಯೂಸಿಕ್ ಲೈಸೆನ್ಸ್ ಫೀ ಕಟ್ಟಿ" ಅಂತ ಕೆಲವು ಕಡೆ ಬಿಲ್ಲಿಗೆ ಸೇರಿಸುತ್ತಾರೆ. ಮದುವೆಗೆ ಇದು ಬೇಕಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 52(1)(ಝಡ್‌ಎ) ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಪಟ್ಟ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಅಂತ ಅಲ್ಲೇ ವಿವರಣೆ ಇದೆ. ಕೇಂದ್ರ ಸರ್ಕಾರ 2023ರ ಜುಲೈ 24ರಂದು ಪ್ರಕಟಣೆ ಹೊರಡಿಸಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಫೀ ಕೇಳಿದರೆ ಜಗಳ ಬೇಡ, ಈ ಸೆಕ್ಷನ್ ಮತ್ತು ತಾರೀಖನ್ನು ನಯವಾಗಿ ತೋರಿಸಿ.

ಸದ್ದಿನ ನಿಯಮ ಮಾತ್ರ ಎಲ್ಲರಿಗೂ ಒಂದೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಧ್ವನಿವರ್ಧಕ ಬಳಸಲು ಬರಹದಲ್ಲಿ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕವೂ ಇಲ್ಲ, ವಾದ್ಯವೂ ಇಲ್ಲ. ಮುಚ್ಚಿದ ಸಭಾಂಗಣದ ಒಳಗೆ, ಒಳಗಿನವರಿಗಷ್ಟೇ ಕೇಳುವಂತೆ ನುಡಿಸಬಹುದು. ಮನೆಗಳಿರುವ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 45. ಮುಹೂರ್ತ ಬೆಳಗಿನ ಜಾವದಲ್ಲಿದ್ದರೆ ವಾಲಗ ಛತ್ರದ ಒಳಗಿರಲಿ. ಬೀದಿಯಲ್ಲಿ ಮೆರವಣಿಗೆ ಇದ್ದರೆ ವಾರ ಮೊದಲೇ ಠಾಣೆಗೆ ಒಂದು ಅರ್ಜಿ ಕೊಡಿ. ಮನೆ ಮುಂದೆ ಚಪ್ಪರ ಹಾಕುವವರು ಅಕ್ಕಪಕ್ಕದ ಮನೆಗಳಿಗೂ ಹೇಳಿ ಬನ್ನಿ. ಪರೀಕ್ಷೆಗೆ ಓದುವ ಮಕ್ಕಳು, ಹುಷಾರಿಲ್ಲದವರು ಯಾರಾದರೂ ಇದ್ದೇ ಇರುತ್ತಾರೆ ಅಲ್ವಾ?

ಹಂತ 10: ಮದುವೆಯ ದಿನ

ಸಂಗೀತದ ಹೊಣೆ ಒಬ್ಬರದೇ ಆಗಿರಲಿ. ಹುಡುಗಿಯ ಅಪ್ಪ ಅಮ್ಮ ಬೇಡ, ಅವರು ಮಣೆ ಮೇಲೆ ಕೂತಿರುತ್ತಾರೆ. ಚಿಕ್ಕಪ್ಪನ ಮಗ, ಭಾವನ ತಮ್ಮ ಯಾರಾದರೂ ಸರಿ. ಅವರ ಕೈಯಲ್ಲಿ ಮೊದಲ ಹಂತದ ಪಟ್ಟಿ, ಹಾಡಿನ ಫೋನು, ಕೊಡಬೇಕಾದ ದುಡ್ಡಿನ ಲಕೋಟೆ ಇರಬೇಕು.

ವಾಲಗದವರು ಕೂರುವ ಜಾಗದಿಂದ ಪುರೋಹಿತರ ಕೈ ನೇರವಾಗಿ ಕಾಣಬೇಕು. ಡೆಕೊರೇಷನ್‌ನ ಹೂವಿನ ಕಂಬ, ವಿಡಿಯೋದವರ ಸ್ಟ್ಯಾಂಡು, ಎಲ್‌ಇಡಿ ಪರದೆ ಅಡ್ಡ ಬಂದರೆ ಅವರು ಗಟ್ಟಿಮೇಳಕ್ಕೆ ಅಂದಾಜಿನ ಮೇಲೆ ನುಡಿಸಬೇಕಾಗುತ್ತದೆ. ಹಿಂದಿನ ರಾತ್ರಿ ವೇದಿಕೆ ಕಟ್ಟುವಾಗಲೇ ಅವರ ಜಾಗಕ್ಕೆ ಒಂದು ಜಮಖಾನ ಹಾಸಿಸಿಬಿಡಿ. ಗಟ್ಟಿಮೇಳದ ಹೊತ್ತಿಗೆ ಸ್ಪೀಕರ್‌ನಲ್ಲಿ ಬೇರೆ ಯಾವ ಹಾಡೂ ಇರಬಾರದು, ಫೋನ್ ಪೂರ್ತಿ ನಿಲ್ಲಿಸಿ.

ಏನು ನುಡಿಸಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಂಸಧ್ವನಿ, ಕಲ್ಯಾಣಿ, ಆನಂದಭೈರವಿ ರಾಗಗಳು, ಕೊನೆಗೆ ಮಂಗಳಕ್ಕೆ ಮಧ್ಯಮಾವತಿ, ಇದೆಲ್ಲ ಅವರಿಗೆ ಗೊತ್ತಿದೆ. ನಿಮ್ಮ ಅಮ್ಮನಿಗೆ ಇಷ್ಟವಾದ ದೇವರನಾಮ ಒಂದಿದ್ದರೆ ವೀಳ್ಯ ಕೊಡುವಾಗಲೇ ಹೇಳಿಡಿ. ಸಿನಿಮಾ ಹಾಡು ಬೇಕು ಅನ್ನುವ ಹುಡುಗರು ಆರತಿ ಮುಗಿಯುವ ತನಕ ಕಾಯಲಿ.

ಊಟದ ವಿಷಯದಲ್ಲಿ ನನಗೆ ತುಂಬಾ ಬೇಸರವಾಗುವುದುಂಟು. ಎಷ್ಟೋ ಮದುವೆಗಳಲ್ಲಿ ವಾಲಗದವರು ಕೊನೆಯ ಪಂಕ್ತಿಗೆ ಉಳಿಯುತ್ತಾರೆ. ಅಷ್ಟರಲ್ಲಿ ಹೋಳಿಗೆ ಮುಗಿದಿರುತ್ತದೆ. ಬೆಳಿಗ್ಗೆ ಬಂದ ತಕ್ಷಣ ಬಿಸಿ ಕಾಫಿ, ಏಳೂವರೆಗೆ ತಿಂಡಿ ಅವರು ಕೂತಲ್ಲಿಗೇ ಹೋಗಲಿ. ಕುಡಿಯಲು ಬಿಸಿನೀರಿನ ಫ್ಲಾಸ್ಕ್ ಒಂದು ಪಕ್ಕದಲ್ಲಿರಲಿ, ಊದುವವರಿಗೆ ತಣ್ಣೀರು ಆಗುವುದಿಲ್ಲ. ಆರತಿ ಮುಗಿದ ಕೂಡಲೇ ಎರಡನೇ ಪಂಕ್ತಿಯಲ್ಲಿ ಎಲೆ ಹಿಡಿದಿಡಿ.

ಉಳಿದ ದುಡ್ಡನ್ನು ಅವರು ಡೋಲಿಗೆ ಚೀಲ ಹಾಕುವ ಮೊದಲೇ ಕೊಡಿ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು, ಲಕೋಟೆ. ಸಾಧ್ಯವಾದರೆ ಒಂದೊಂದು ಪಂಚೆ. ಹುಡುಗ ಹುಡುಗಿಯ ಕೈಯಿಂದಲೇ ಕೊಡಿಸಿ. ಅವರು ಹೊರಟ ಮೇಲೆ ಹೆಣ್ಣು ಒಪ್ಪಿಸುವ ಶಾಸ್ತ್ರ ಉಳಿದಿರುತ್ತದೆ. ಆಗ ಸ್ಪೀಕರ್ ಆರಿಸಿ, ಮೈಕ್ ತೆಗೆದಿಡಿ. ಅಜ್ಜಿ ಹೇಳಿಕೊಟ್ಟ ಕೊನೆಯ ಹಾಡನ್ನು ಬರೀ ಬಾಯಲ್ಲಿ ಹಾಡಿ.